ಉಡಿದಾರದ ಗಂಟು

ಜೇಬಿಲ್ಲದ ಮನುಷ್ಯ ದುಡ್ಡನ್ನು ಎಲ್ಲಿಟ್ಟುಕೊಳ್ಳುತ್ತಾನೆ? ಖಜಾನೆ ಇಲಾಖೆಯಲ್ಲಿ 31 ವರ್ಷ ಬಿಲ್ಲು ಪಾಸು ಮಾಡಿದ ನನಗೆ ಈ ಪ್ರಶ್ನೆ 69 ತುಂಬುವವರೆಗೂ ಹೊಳೆದಿರಲಿಲ್ಲ. ಹೊಳೆದದ್ದು ಕ್ರೊಯೇಷಿಯಾದ ಇಸ್ಟ್ರಿಯಾ ಸೀಮೆಯ ಕಡಲ ತಡಿಯಲ್ಲಿ, ಬೆಳಿಗ್ಗೆ ಏಳೂವರೆಯ ಹೊತ್ತಿಗೆ, ಬ್ರೆಡ್ಡು ಕೊಳ್ಳುವವರ ಸಾಲಿನಲ್ಲಿ. ನನ್ನ ಮುಂದೆ 11 ಜನ ನಿಂತಿದ್ದರು. ತಲೆಗೆ ಹುಲ್ಲಿನ ಟೋಪಿ ಇತ್ತು, ಮೂಗಿನ ಮೇಲೆ ಕನ್ನಡಕ ಇತ್ತು, ಕಾಲಿಗೆ ರಬ್ಬರ್ ಚಪ್ಪಲಿ ಇತ್ತು. ನಡುವಿನ ಸೀಮೆಯಲ್ಲಿ ಏನೂ ಇರಲಿಲ್ಲ.

ಒಬ್ಬಾಕೆ ಕೊರಳಿಗೆ ಪುಟ್ಟ ಸಂಚಿಯೊಂದನ್ನು ತೂಗುಬಿಟ್ಟುಕೊಂಡಿದ್ದಳು. ಇನ್ನೊಬ್ಬನ ಗಡಿಯಾರದ ಪಟ್ಟಿಯ ಕೆಳಗೆ ಮಡಿಸಿದ ನೋಟು ಇಣುಕುತ್ತಿತ್ತು. ನನ್ನ ಮುಂದಿದ್ದ ಮುದುಕ ಮಾತ್ರ ನಾಣ್ಯಗಳನ್ನು ಮುಷ್ಟಿಯಲ್ಲೇ ಬಿಗಿಹಿಡಿದಿದ್ದ, ನಾವು ಚಿಕ್ಕಂದಿನಲ್ಲಿ ಬೆಲ್ಲ ತರಲು ಶೆಟ್ಟರ ಅಂಗಡಿಗೆ ಓಡುತ್ತಿದ್ದ ಹಾಗೆ. ತನ್ನ ಸರದಿ ಬಂದಾಗ ಮುಷ್ಟಿ ಬಿಚ್ಚಿದ. ಅಂಗೈಯಲ್ಲಿ ಯೂರೋ ನಾಣ್ಯದ ಅಚ್ಚು ಕೆಂಪಗೆ ಮೂಡಿತ್ತು. ಮಾರುವ ಹುಡುಗಿ ಮಾತ್ರ ಮೈತುಂಬ ಉಟ್ಟಿದ್ದಳು. ಅವಳದು ಸಂಬಳದ ಕೆಲಸ. ಬಟ್ಟೆ ಬಿಚ್ಚುವುದಕ್ಕೂ ರಜೆ ಬೇಕಲ್ಲ!

ನಾನೋ, ಬಿಳಿ ಪಂಚೆ, ತೋಳಿನ ಬನಿಯನ್ನು, ಅದರ ಮೇಲೊಂದು ಟವೆಲ್ಲು ಹೊದ್ದು ನಿಂತಿದ್ದೆ. ಆ ಬೆಳಗಿನಲ್ಲಿ ಅಲ್ಲಿ ಯಾರನ್ನಾದರೂ ಜನ ತಿರುತಿರುಗಿ ನೋಡಿದ್ದರೆ ಅದು ನನ್ನನ್ನೇ. ಒಂದು ಮಗುವಂತೂ ತಾಯಿಯ ಕೈ ಜಗ್ಗಿ ನನ್ನತ್ತ ಬೆರಳು ಮಾಡಿ ಏನೋ ಕೇಳಿತು. ತಾಯಿ ನಾಚಿಕೊಂಡು ಅದರ ಬೆರಳು ಮಡಿಸಿದಳು. ಮೈತುಂಬ ಬಟ್ಟೆ ಉಟ್ಟದ್ದಕ್ಕೆ ಬೇರೆಯವರ ಮುಂದೆ ಸಂಕೋಚಪಟ್ಟದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಅಲ್ಲಿಗೆ ನಾನು ಹೇಗೆ ಹೋದೆ ಎಂಬುದನ್ನು ಹೇಳಬೇಕು. ಇಲ್ಲದಿದ್ದರೆ ತೀರ್ಥಹಳ್ಳಿಯ ನೆಂಟರು ತಮ್ಮದೇ ಕಥೆ ಕಟ್ಟುತ್ತಾರೆ. ಈಗಾಗಲೇ ಕಟ್ಟಿಯೂ ಆಗಿದೆ.

ನನ್ನಾಕೆ ತೀರಿಕೊಂಡ ಮೇಲೆ ಮ್ಯೂನಿಕ್‌ನಲ್ಲಿರುವ ಮಗ, ‘ಅಪ್ಪ, ಒಬ್ಬರೇ ಇದ್ದು ಏನು ಮಾಡ್ತೀರಿ, ಬೇಸಿಗೆಗೆ ಬನ್ನಿ’ ಎಂದು ಕರೆಸಿಕೊಂಡ. ಅಲ್ಲಿಗೆ ಹೋದ ವಾರದಲ್ಲೇ ಒಂದು ಸಂಜೆ ಕೊಡೆ ಹಿಡಿದು ವಾಯುಸೇವನೆಗೆ ಹೊರಟೆ. ಊರ ನಡುವೆಯೇ ಇಂಗ್ಲಿಷ್ ಗಾರ್ಡನ್ ಎಂಬ ಭಾರಿ ಉದ್ಯಾನವಿದೆ. ಅಲ್ಲಿ ಐಸ್‌ಬಾಖ್ ಎಂಬ ತೊರೆ ಹರಿಯುತ್ತದೆ. ತೊರೆಯ ಪಕ್ಕದ ಹುಲ್ಲುಗಾವಲಿನಲ್ಲಿ ಒಬ್ಬ ಹಿರಿಯರು ಕೂತು ಪೇಪರು ಓದುತ್ತಿದ್ದರು. ಜರ್ಮನ್ ಪೇಪರು ನಮ್ಮದಕ್ಕಿಂತ ಅಗಲ. ಅದರ ಹಿಂದೆ ಏನಿದೆ, ಏನಿಲ್ಲ ಎಂಬುದು ಮೊದಲಿಗೆ ನನಗೆ ಗೊತ್ತಾಗಲಿಲ್ಲ. ಆಮೇಲೆ ಅವರು ಪುಟ ತಿರುವಿದರು.

ನಾನು ಕೊಡೆ ಬಿಚ್ಚಿಕೊಂಡು ಅದರ ಮರೆಯಲ್ಲಿ ಮನೆಗೆ ಬಂದೆ. ಮಳೆ ಇರಲಿಲ್ಲ. ಸೊಸೆ ಬಾಗಿಲು ತೆಗೆದು, ‘ಮಾವ, ಬಿಸಿಲು ಜಾಸ್ತಿ ಇತ್ತಾ?’ ಎಂದಳು. ಹೌದು ಎಂದೆ. ರಾತ್ರಿ ಮಗನ ಹತ್ತಿರ ದನಿ ತಗ್ಗಿಸಿ ಹೇಳಿದರೆ ಅವನು ಬಿದ್ದು ಬಿದ್ದು ನಕ್ಕ. ಅಲ್ಲಿ ಅದು ದಶಕಗಳಿಂದ ನಡೆದು ಬಂದಿದೆಯಂತೆ. ಪೊಲೀಸರೂ ನೋಡಿ ಸುಮ್ಮನೆ ಹೋಗುತ್ತಾರಂತೆ. ‘ನಮ್ಮ ಪಕ್ಕದ ಮನೆ ಅಜ್ಜ ಅಜ್ಜಿ ಇದ್ದಾರಲ್ಲ, ಅವರೂ ಆ ಪೈಕಿಯೇ’ ಎಂದ. ಮರುದಿನ ಬೇಲಿಯಾಚೆ ಅಜ್ಜಿ ಗುಲಾಬಿಗೆ ನೀರು ಹಾಕುತ್ತಿದ್ದರು. ತೋಳಿನ ಅಂಗಿ, ಕೈಗವಸು, ಮೊಣಕಾಲವರೆಗಿನ ಬೂಟು. ನನಗೆ ನಂಬಿಕೆ ಬರಲಿಲ್ಲ.

ಅಜ್ಜನ ವಯಸ್ಸು 78. ಪೂರ್ವ ಜರ್ಮನಿಯ ರೋಸ್ಟಾಕ್ ಬಂದರಿನಲ್ಲಿ ಹಡಗು ಕಟ್ಟುವ ಕೆಲಸದಲ್ಲಿದ್ದವರು, ಬರ್ಲಿನ್ ಗೋಡೆ ಬಿದ್ದ ಮೇಲೆ ಮಗಳ ಹಿಂದೆ ದಕ್ಷಿಣಕ್ಕೆ ಬಂದವರು. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ತೂಕದವಾದ್ದರಿಂದ ಸಲಿಗೆ ಬೇಗ ಬೆಳೆಯಿತು. ಬೇಲಿಯ ಮೇಲೆ ಮೊಣಕೈ ಊರಿ ಅವರು ತಮ್ಮ ಜನರ ಪುರಾಣ ಹೇಳಿದರು. ಜರ್ಮನಿಯಲ್ಲಿ ಈ ಪಂಥಕ್ಕೆ ‘ಎಫ್‌ಕೆಕೆ’ ಎನ್ನುತ್ತಾರೆ, ಮುಕ್ತ ದೇಹದ ಸಂಸ್ಕೃತಿ ಎಂದು ಅರ್ಥ. 1898ರಲ್ಲೇ ಎಸೆನ್ ಎಂಬ ಊರಿನಲ್ಲಿ ಇಂಥವರದೊಂದು ಸಂಘ ಹುಟ್ಟಿತ್ತು. ಕಲ್ಲಿದ್ದಲು ಕಾರ್ಖಾನೆಗಳ ಹೊಗೆ, ಒಂದೇ ಕೋಣೆಯಲ್ಲಿ ಆರೇಳು ಜನ, ಕ್ಷಯದ ಕೆಮ್ಮು. ಅಂಥ ಊರುಗಳ ಜನಕ್ಕೆ ಬಿಸಿಲು ಗಾಳಿ ಎಂದರೆ ಔಷಧಿ. ಔಷಧಿಯನ್ನು ಅಂಗಿಯ ಮೇಲೆ ಹಚ್ಚಿಕೊಳ್ಳುವುದು ಹೇಗೆ? 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದವರೇ ಈ ಸಂಘಗಳನ್ನು ನಿಷೇಧಿಸಿದರು. ಯುದ್ಧ ಮುಗಿದ ಮೇಲೆ ಕಮ್ಯುನಿಸ್ಟರೂ 1954ರಲ್ಲಿ ಬಾಲ್ಟಿಕ್ ಕಡಲಲ್ಲಿ ಬತ್ತಲೆ ಸ್ನಾನ ಕೂಡದೆಂದು ಆಜ್ಞೆ ಮಾಡಿದರು. ಜನ ಎಷ್ಟು ಗಲಾಟೆ ಮಾಡಿದರೆಂದರೆ 1956ರಲ್ಲಿ ಸರಕಾರವೇ ಸೋತು ಅನುಮತಿ ಕೊಟ್ಟಿತು. ‘ನಮಗೆ ಚುನಾವಣೆ ಇರಲಿಲ್ಲ, ಪಾಸ್‌ಪೋರ್ಟ್ ಇರಲಿಲ್ಲ, ಬಾಳೆಹಣ್ಣು ಇರಲಿಲ್ಲ. ಇದೊಂದು ಇತ್ತು’ ಎಂದರು ಅಜ್ಜ. ಬಾಳೆಹಣ್ಣನ್ನು ಆ ಪಟ್ಟಿಗೆ ಸೇರಿಸಿದ್ದು ನನಗೆ ಬಹಳ ಇಷ್ಟವಾಯಿತು.

ಜುಲೈಯಲ್ಲಿ ಎರಡೂ ಮನೆಯವರು ಇಸ್ಟ್ರಿಯಾಕ್ಕೆ ಹೊರಟೆವು. ಮಗ ಸೊಸೆ ಬಟ್ಟೆ ಉಡುವವರ ಊರಿನಲ್ಲಿ ಮನೆ ಹಿಡಿದಿದ್ದರು. ಅಜ್ಜ ಅಜ್ಜಿ ಪ್ರತಿ ವರ್ಷದಂತೆ ತಮ್ಮ ಗಾಡಿಮನೆಯನ್ನು ಕಾರಿಗೆ ಕಟ್ಟಿ ಎಳೆದುಕೊಂಡು ತಮ್ಮ ಶಿಬಿರಕ್ಕೆ ಹೋದರು. ನಡುವೆ ಮೂರು ದಿನ ಮಗ ಸೊಸೆ ವೆನಿಸ್ ನೋಡಿ ಬರುತ್ತೇವೆಂದಾಗ ನನ್ನ ಮೊಣಕಾಲು ಒಪ್ಪಲಿಲ್ಲ. ಅಜ್ಜಿ, ‘ಇವರನ್ನು ನಮ್ಮ ಹತ್ತಿರ ಬಿಟ್ಟು ಹೋಗಿ, ಒಂದು ಗುಡಾರ ಹೆಚ್ಚಿಗೆ ಇದೆ’ ಎಂದುಬಿಟ್ಟರು. ಮಗ ಮುಖ ತಿರುಗಿಸಿ, ‘ಅಪ್ಪ, ಅಲ್ಲಿ… ಗೊತ್ತಲ್ಲ?’ ಎಂದ. ‘ನಿನಗೆ ಎಣ್ಣೆ ತಿಕ್ಕಿ ನೀರು ಹಾಕಿದವನು ನಾನು, ನಂಗೇನು ಹೇಳ್ತೀಯ’ ಎಂದೆ. ಧೈರ್ಯ ಇದ್ದದ್ದು ಮಾತಿನಲ್ಲಿ ಮಾತ್ರ.

ಆ ಕರಾವಳಿಯೇ ಹಾಗೆ. 1936ರಲ್ಲಿ ಇಂಗ್ಲೆಂಡಿನ ದೊರೆ ಎಂಟನೇ ಎಡ್ವರ್ಡ್ ರಾಬ್ ದ್ವೀಪಕ್ಕೆ ಬಂದಿದ್ದನೆಂದೂ ಅಲ್ಲಿಯ ಕೊಲ್ಲಿಯೊಂದರಲ್ಲಿ ಬತ್ತಲೆ ಈಜಿದನೆಂದೂ ಅಲ್ಲಿಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅದೇ ವರ್ಷದ ಕೊನೆಗೆ ಅವನು ಸಿಂಹಾಸನವನ್ನೂ ಬಿಟ್ಟ. ಕಳಚುವ ಅಭ್ಯಾಸ ಹಿಡಿದರೆ ಎಲ್ಲಿ ನಿಲ್ಲುತ್ತದೆ ಹೇಳಲಾಗದು. ಫ್ರಾನ್ಸಿನ ಮೊಂತಾಲಿವೆಯಲ್ಲಿ 1950ರಲ್ಲಿ ಇಂಥವರಿಗೆಂದೇ ರಜೆಯ ಊರೊಂದು ಎದ್ದಿತ್ತು. ಮುಂದೆ ಟಿಟೊನ ಯುಗೊಸ್ಲಾವಿಯಕ್ಕೂ ಆಸೆಯಾಯಿತು. 1961ರಲ್ಲಿ ವ್ರಸಾರ್ ಊರಿನ ಬಳಿ ಕೋವರ್‌ಸಾಡಾ ಎಂಬ ಶಿಬಿರ ಶುರುವಾಯಿತು. ಕೆಂಪು ಸರಕಾರಕ್ಕೆ ಜರ್ಮನ್ ಮಾರ್ಕು ಬೇಕಿತ್ತು, ಜರ್ಮನರಿಗೆ ಬಿಸಿಲು ಬೇಕಿತ್ತು. ಇಬ್ಬರ ನಡುವೆ ಬಟ್ಟೆಯ ತಕರಾರು ಬರಲಿಲ್ಲ. ನಾನಿದ್ದ ಶಿಬಿರ ಅದಲ್ಲ, ಇನ್ನೂ ಚಿಕ್ಕದು. ಆದರೆ ಅದೇ ಪೈನ್ ಮರಗಳು, ಅದೇ ಬಿಳಿ ಸುಣ್ಣಕಲ್ಲಿನ ದಡ, ಮಧ್ಯಾಹ್ನವಿಡೀ ಕಿವಿ ಕೊರೆಯುವ ಅದೇ ಜೀರುಂಡೆಗಳು. ಕಣ್ಣು ಮುಚ್ಚಿದರೆ ಆಗುಂಬೆಯ ಸೀಮೆಗೆ ಬಂದಂತೆ. ಕಣ್ಣು ಮುಚ್ಚಲು ನನಗೆ ಬೇರೆ ಕಾರಣಗಳೂ ಇದ್ದವು.

ಬಾಗಿಲಲ್ಲೇ ನಿಯಮಗಳನ್ನು ಹೇಳಿದರು. ಎಲ್ಲಿ ಕೂತರೂ ಸ್ವಂತ ಟವೆಲ್ಲು ಹಾಸಿಯೇ ಕೂರಬೇಕು. ಕ್ಯಾಮೆರಾ ಕೂಡದು. ಈಜುಕೊಳಕ್ಕೆ ಬಟ್ಟೆ ಹಾಕಿ ಇಳಿಯಕೂಡದು. ಚಳಿಯಾದವರು, ವಯಸ್ಸಾದವರು ಹೊದೆಯಬಹುದು. ನಾನು ಎರಡೂ ಆಗಿದ್ದೆನಾದ್ದರಿಂದ ಪಂಚೆಗೆ ಮಾಫಿ ಸಿಕ್ಕಿತು. ಬಟ್ಟೆ ಉಟ್ಟವರನ್ನು ಅವರು ತಮ್ಮೊಳಗೆ ‘ಟೆಕ್ಸ್‌ಟೈಲ್’ ಎನ್ನುತ್ತಾರೆ. ಅಜ್ಜ ನನ್ನನ್ನು ಅಕ್ಕಪಕ್ಕದವರಿಗೆ, ‘ಇವರು ಭಾರತದ ಟೆಕ್ಸ್‌ಟೈಲ್’ ಎಂದು ಪರಿಚಯಿಸಿದಾಗ ದಾವಣಗೆರೆಯ ಗಿರಣಿಯೊಂದರ ಏಜೆಂಟನಾದ ಹಾಗನಿಸಿತು.

ಮೊದಲ ದಿನ ನಾನು ಮನುಷ್ಯರ ಹಣೆಯನ್ನೇ ನೋಡಿ ಮಾತಾಡಿದೆ. ಎರಡನೆಯ ದಿನದ ಹೊತ್ತಿಗೆ ಕತ್ತು ನೋಯತೊಡಗಿತು. ಕತ್ತು ಸಡಿಲ ಬಿಟ್ಟು ನೋಡಿದರೆ ಅಂಥ ನೋಡುವಂಥದ್ದೇನೂ ಇರಲಿಲ್ಲ. ಎಲ್ಲ ನಮ್ಮ ನಿಮ್ಮ ಹಾಗಿನವರೇ: ಬೊಜ್ಜಿನವರು, ಮಂಡಿಗೆ ಪಟ್ಟಿ ಕಟ್ಟಿದವರು, ಅಪೆಂಡಿಕ್ಸಿನ ಹೊಲಿಗೆಯವರು, ಬೆನ್ನಿನ ಮೇಲೆ ಬೆವರುಸಾಲೆ ಎದ್ದವರು. ಬಟ್ಟೆಯೊಳಗೆ ಎಲ್ಲರಿಗೂ ಒಂದು ಆಕಾರವಾದರೂ ಇರುತ್ತದೆ. ದರ್ಜಿಗಳು ಎಷ್ಟು ದೊಡ್ಡ ಸುಳ್ಳುಗಾರರು ಎಂಬುದು ನನಗೆ ಅಲ್ಲಿ ತಿಳಿಯಿತು.

ಆದರೆ ಬಟ್ಟೆ ಹೋದರೂ ಮನುಷ್ಯ ಎಲ್ಲಿ ಹೋಗುತ್ತಾನೆ! ಗಾಡಿಮನೆಗಳಿಗೆ ಕಸೂತಿ ಹಾಕಿದ ಪರದೆಗಳಿದ್ದವು. ಮೂರಡಿ ಜಾಗಕ್ಕೆ ಬೇಲಿ ಇತ್ತು, ಬೇಲಿಯ ಬುಡದಲ್ಲಿ ಗಡ್ಡದ ಕುಳ್ಳನ ಮಣ್ಣಿನ ಗೊಂಬೆ, ಅದಕ್ಕೆ ಕೆಂಪು ಟೋಪಿ, ನೀಲಿ ಕೋಟು. ಇಡೀ ಬೀದಿಯಲ್ಲಿ ನೀಟಾಗಿ ಬಟ್ಟೆ ಹಾಕಿದ್ದವರು ಆ ಗೊಂಬೆ ಮತ್ತು ನಾನು. ಎದುರಿನ ಗಾಡಿಮನೆಯ ದಢೂತಿ ಮನುಷ್ಯ ಸಾಸೇಜು ಸುಡುವಾಗ ಮಾತ್ರ ಏಪ್ರನ್ ಕಟ್ಟಿಕೊಳ್ಳುತ್ತಿದ್ದ, ಅದು ಎಣ್ಣೆ ಸಿಡಿಯುವ ಭಯಕ್ಕೆ. ತಿರುಗಿದರೆ ಹಿಂದೆ ಏನೂ ಇಲ್ಲ. ಆದರೆ ಏಪ್ರನ್ನಿನ ಲಾಡಿಯನ್ನು ಎಷ್ಟು ಒಪ್ಪವಾಗಿ ಚಿಟ್ಟೆಗಂಟು ಹಾಕಿರುತ್ತಿದ್ದನೆಂದರೆ ಅವನ ತಾಯಿ ಶಿಸ್ತಿನವಳಿರಬೇಕು ಅನ್ನಿಸುತ್ತಿತ್ತು.

ಎಲ್ಲಕ್ಕಿಂತ ನನ್ನನ್ನು ಬೆರಗುಗೊಳಿಸಿದ್ದು ಬೇರೊಂದು. ಸಂಜೆ ವ್ರಸಾರ್ ಪೇಟೆಗೆ ಊಟಕ್ಕೆ ಹೊರಡುವಾಗ ಅಜ್ಜ ಗಾಡಿಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಪರದೆಯನ್ನೂ ಎಳೆದರು. ಐದು ನಿಮಿಷ ಬಿಟ್ಟು ಪ್ಯಾಂಟು ಷರ್ಟಿನಲ್ಲಿ ಹೊರಬಂದರು. ಬೆಳಗಿನಿಂದ ಬರಿಮೈಯಲ್ಲಿ ನನ್ನೆದುರೇ ಚದುರಂಗ ಆಡಿದ ಮನುಷ್ಯ! ‘ಈಗೇಕೆ ಬಾಗಿಲು?’ ಎಂದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ‘ಬಟ್ಟೆ ಹಾಕಿಕೊಳ್ಳುತ್ತಿದ್ದೆನಲ್ಲ’ ಎಂದರು, ಸ್ವಲ್ಪ ನಾಚಿಕೊಂಡೇ. ಇರುವುದರಲ್ಲಿ ನಾಚಿಕೆಯಿಲ್ಲ, ಆಗುವುದರಲ್ಲಿ ನಾಚಿಕೆ. ನಮ್ಮಮ್ಮ ಸೀರೆ ಉಡುವಾಗ ಕೋಣೆಯ ಬಾಗಿಲ ಅಗುಳಿ ಹಾಕುತ್ತಿದ್ದುದು ನೆನಪಾಗಿ, ಮುದುಕನ ಮೇಲೆ ಒಂದು ಬಗೆಯ ಬಂಧುಪ್ರೀತಿ ಉಕ್ಕಿತು.

ಆ ರಾತ್ರಿ ಊಟಕ್ಕೆ ಕೂತಾಗ ನಾನು ಕೇಳಿಯೇಬಿಟ್ಟೆ: ಇಷ್ಟು ದೂರ ಬಂದು, ಬಾಡಿಗೆ ಕೊಟ್ಟು, ಸೊಳ್ಳೆ ಕಚ್ಚಿಸಿಕೊಂಡು, ನಿಮಗೆ ಇಲ್ಲಿ ಬೇಕಾದದ್ದಾದರೂ ಏನು? ನನ್ನ ನಿರೀಕ್ಷೆಯಲ್ಲಿ ಪ್ರಕೃತಿ, ಸ್ವಾತಂತ್ರ್ಯ, ಆತ್ಮ ಇತ್ಯಾದಿ ಇತ್ತು. ಅಜ್ಜಿ ಬೆರಳು ಮಡಿಸುತ್ತ ಹೇಳಿದರು. ಮಧ್ಯಾಹ್ನದ ನಂತರವೂ ನೆರಳು ಉಳಿಯುವ ಜಾಗ ಬೇಕು. ಬಚ್ಚಲಿನಲ್ಲಿ ಬಿಸಿನೀರು ನಡುವೆ ನಿಲ್ಲಬಾರದು. ಕಕ್ಕಸು ಸ್ವಚ್ಛವಾಗಿರಬೇಕು. ಬೆಳಿಗ್ಗೆ ಬಿಸಿ ಬ್ರೆಡ್ಡು ಸಿಗಬೇಕು. ರಾತ್ರಿ ಹತ್ತರ ಮೇಲೆ ಯಾರೂ ಗಿಟಾರು ಬಾರಿಸಬಾರದು. ಕಡಲಿಗೆ ಇಳಿಯುವಲ್ಲಿ ಕಲ್ಲು ಜಾರಬಾರದು, ಕಡಲಮುಳ್ಳು ಚುಚ್ಚಬಾರದು. ಮತ್ತೆ, ಎಂದು ಸ್ವಲ್ಪ ತಡೆದು, ‘ನೀವು ಮೊದಲು ಏನು ಕೆಲಸದಲ್ಲಿದ್ದಿರಿ ಅಂತ ಯಾರೂ ಕೇಳಬಾರದು’ ಎಂದರು.

ಧರ್ಮಸ್ಥಳದ ವಸತಿಗೃಹದ ಮುಂದೆ ನಿಂತು ನನ್ನಾಕೆ ಹೇಳುತ್ತಿದ್ದ ಪಟ್ಟಿಯೂ ಇದೇ, ಕೊನೆಯದೊಂದನ್ನು ಬಿಟ್ಟು. ಅವಳಿಗೆ ಗಿಟಾರಿನ ಬದಲು ಮೈಕು.

ಕೊನೆಯದನ್ನು ಕುರಿತು ನಾನು ಬಹಳ ಯೋಚಿಸಿದೆ. ಜರ್ಮನ್ ಭಾಷೆಯಲ್ಲಿ ನಮ್ಮ ನೀನು ನೀವುಗಳ ಹಾಗೆಯೇ ಎರಡಿವೆ: ಡು ಮತ್ತು ಝೀ. ಹೊರಗೆ 20 ವರ್ಷದ ನೆರೆಯವರೂ ಝೀ ಎಂದು ಬಹುವಚನದಲ್ಲೇ ಮಾತಾಡುತ್ತಾರೆ. ಶಿಬಿರದ ಬಾಗಿಲು ದಾಟಿದರೆ ಎಲ್ಲರೂ ಡು. ಹುಡುಗರು ಮುದುಕರಿಗೂ ಡು. ಬಟ್ಟೆಯ ಜೊತೆಗೆ ಬಹುವಚನವನ್ನೂ ಕಳಚಿ ಗೂಟಕ್ಕೆ ಹಾಕಿದಂತೆ. ಏಪ್ರನ್ನಿನ ದಢೂತಿ ಯಾರು, ನ್ಯಾಯಾಧೀಶನೋ ಲಾರಿ ಚಾಲಕನೋ, ನನಗೆ ಕೊನೆಯವರೆಗೂ ಗೊತ್ತಾಗಲಿಲ್ಲ. 31 ವರ್ಷ ಎದುರಿನವನ ಹುದ್ದೆ ನೋಡಿ ಕುರ್ಚಿ ತೋರಿಸಿದ ನನಗೆ ಇದು ಮೊದಮೊದಲು ಕತ್ತಲಲ್ಲಿ ಮೆಟ್ಟಿಲು ಇಳಿದಂತಾಯಿತು. ಎಲ್ಲಿ ಕಾಲಿಡಬೇಕೋ ತಿಳಿಯದು. ಆಮೇಲೆ ಹಗುರವೆನಿಸಿತು. ನಿವೃತ್ತನಾದ ಮೇಲೆ ಊರಲ್ಲಿ ಎಲ್ಲರೂ ಕೇಳುವುದು, ‘ಈಗ ಏನ್ ಮಾಡ್ಕೊಂಡಿದ್ದೀರಿ?’ ಎಂದು. ಇಲ್ಲಿ ಕೇಳುವವರಿಲ್ಲ. ಏನೂ ಮಾಡಿಕೊಂಡಿಲ್ಲ ಎಂಬುದು ನೋಡಿದರೇ ಗೊತ್ತಾಗುತ್ತದೆ.

ನ್ಯಾಯಾಧೀಶ ಎಂದಾಗ ನೆನಪಾಯಿತು. ಇವರ ಸಂಘಗಳ ಪೈಕಿ ಗೊತ್ತಿರುವಂತೆ ಮೊದಲನೆಯದು ಹುಟ್ಟಿದ್ದು ಜರ್ಮನಿಯಲ್ಲಲ್ಲ, ನಮ್ಮ ಮುಂಬಯಿಯ ಮಗ್ಗುಲಿನ ಮಾಥೇರಾನ್ ಬೆಟ್ಟದಲ್ಲಿ, 1891ರಲ್ಲಿ. ಕ್ರಾಫರ್ಡ್ ಎಂಬ ಬ್ರಿಟಿಷ್ ಜಿಲ್ಲಾ ನ್ಯಾಯಾಧೀಶ ಕಟ್ಟಿದ್ದು. ಸದಸ್ಯರು ಒಟ್ಟು ಮೂವರು: ಅವನು, ಮತ್ತು ಒಬ್ಬ ಪಾದ್ರಿಯ ಇಬ್ಬರು ಮಕ್ಕಳು. ಮುಂದೆ ಅವನಿಗೆ ರತ್ನಾಗಿರಿಗೆ ವರ್ಗವಾಯಿತು, ಸಂಘ ಮುಚ್ಚಿತು. ನಾಜಿಗಳು, ಕಮ್ಯುನಿಸ್ಟರು ಸೇರಿ ಮುಗಿಸಲಾಗದ್ದನ್ನು ನಮ್ಮ ದೇಶದಲ್ಲಿ ಒಂದು ವರ್ಗಾವಣೆಯ ಆದೇಶ ಮುಗಿಸಿತು. ಇದನ್ನು ಅಜ್ಜನಿಗೆ ಹೇಳಿ ಇಬ್ಬರೂ ನಕ್ಕೆವು. ಕ್ರಾಫರ್ಡನ ಹೆಂಡತಿ ಮೊದಲೇ ತೀರಿಹೋಗಿದ್ದಳು, 1894ರಲ್ಲಿ ಅವನೂ ಸತ್ತ ಎಂಬುದನ್ನು ಹೇಳಲಿಲ್ಲ. ಗುಡಾರದಲ್ಲಿ ಒಬ್ಬನೇ ಮಲಗಿದಾಗ ಅವನ ನೆನಪಾಯಿತು. ಹೆಂಡತಿಯಿಲ್ಲದ ಮನೆಯಲ್ಲಿ, ಕೋರ್ಟಿನಿಂದ ಬಂದು ವಿಗ್ಗು ಗೌನು ತೆಗೆದಿಟ್ಟು, ನೋಡುವವರೂ ಬೈಯುವವರೂ ಇಲ್ಲದೆ, ಆ ಮನುಷ್ಯ ಸಂಘವೊಂದನ್ನು ಕಟ್ಟಲು ಹೊರಟದ್ದು ಬಿಸಿಲಿಗಾಗಿಯೇ ಇರಲಾರದು.

ಎರಡನೆಯ ದಿನ ಮಧ್ಯಾಹ್ನ ಅಜ್ಜಿ ಮರದ ನೆರಳಲ್ಲಿ ಟವೆಲ್ಲು ಹಾಸಿ ಪದಬಂಧ ಬಿಡಿಸುತ್ತಿದ್ದರು. ಅವರ ಎಡಗಡೆಯ ಎದೆ ಇರಲಿಲ್ಲ. ಕಂಕುಳಿನಿಂದ ಪಕ್ಕೆಲುಬಿನವರೆಗೆ ಒಂದು ಗೆರೆ, ಹಳೆಯ ಕಾಗದದ ಮಡಿಕೆಯ ಹಾಗೆ. ನಾನು ಕಂಡೆನೆಂಬುದು ಅವರಿಗೆ ಕಂಡಿತು. ‘ಆರು ವರ್ಷವಾಯಿತು’ ಎಂದರು ಪೆನ್ಸಿಲ್ಲನ್ನು ಎತ್ತದೆ. ಆಪರೇಷನ್ ಆದ ಮೇಲೆ ಒಂದು ವರ್ಷ ಎಲ್ಲಿಗೂ ಹೋಗಿರಲಿಲ್ಲವಂತೆ. ಮನೆಯ ಕನ್ನಡಿಗೆ ಬಟ್ಟೆ ಮುಚ್ಚಿದ್ದರಂತೆ. ಮರುವರ್ಷ ಅಜ್ಜ ಏನೂ ಕೇಳದೆ ಗಾಡಿಮನೆಯನ್ನು ಕಾರಿಗೆ ಕಟ್ಟಿದರು. ‘ಮೊದಲ ದಿನ ಬ್ರೆಡ್ಡಿನ ಸಾಲಿನಲ್ಲಿ ನಿಂತೆ. ನನ್ನ ಹಿಂದಿದ್ದವಳು, ಇವತ್ತು ಗಸಗಸೆಯ ಬನ್ನು ಮುಗಿದುಹೋಯಿತು ಅಂತ ಗೊಣಗಿದಳು. ಅಷ್ಟೇ. ನನಗೆ ಅದೇ ಬೇಕಿತ್ತು.’ ಹಾಗೆಂದು ಏಳು ಅಕ್ಷರದ ನದಿಯ ಹೆಸರು ಹೇಳಿ ಎಂದು ನನ್ನನ್ನು ಕೇಳಿದರು. ತುಂಗಭದ್ರಾ ಎಂದೆ. ಅದು ಹೊಂದಲಿಲ್ಲ.

ಅವರೂ ನನ್ನನ್ನು ಕೇಳಿದರು, ನಿಮ್ಮ ದೇಶದಲ್ಲಿ ಬತ್ತಲೆ ಸನ್ಯಾಸಿಗಳಿದ್ದಾರಂತಲ್ಲ ಎಂದು. ನಾನು ಶ್ರವಣಬೆಳಗೊಳದ ಬಾಹುಬಲಿಯ ವಿಷಯ ಹೇಳಿದೆ. ಒಂದೇ ಬಂಡೆಯಲ್ಲಿ ಕಡೆದ 57 ಅಡಿಯ ವಿಗ್ರಹ, ಸಾವಿರ ವರ್ಷದಿಂದ ಬೆಟ್ಟದ ಮೇಲೆ ನಿಂತಿದೆ, ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟು ಎದ್ದುಹೋದವನದು ಎಂದೆ. 2006ರ ಮಸ್ತಕಾಭಿಷೇಕದ ವರ್ಷ ನಾನು ಹಾಸನದಲ್ಲಿದ್ದೆ. ನನ್ನಾಕೆ ಉಸಿರು ಕಟ್ಟಿಕೊಂಡು ಮೆಟ್ಟಿಲು ಹತ್ತಿ ಬಂದವಳು ಆ ಮುಖವನ್ನು ಬಹಳ ಹೊತ್ತು ನೋಡಿದಳು. ಕೈಮುಗಿದು ಏನಾದರೂ ದೊಡ್ಡ ಮಾತು ಹೇಳುತ್ತಾಳೆಂದುಕೊಂಡೆ. ‘ಪಾಪ, ಮಳೆಗಾಲದಲ್ಲಿ ಒಬ್ಬನೇ ನಿಂತಿರ್ತಾನಲ್ರೀ’ ಎಂದಳು. ಮಲೆನಾಡಿನ ಹೆಂಗಸಿಗೆ ಮೊದಲು ನೆನಪಾಗುವುದು ಮಳೆ. ಇದನ್ನು ಅಜ್ಜಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ನಗಲಿಲ್ಲ. ಪೆನ್ಸಿಲ್ಲು ಕೆಳಗಿಟ್ಟರು.

ನಾನು ಹುಟ್ಟಾ ಟೆಕ್ಸ್‌ಟೈಲ್ ಆಗಿರಲಿಲ್ಲ. ತುಂಗೆಯ ಬಂಡೆಗಳ ಮೇಲೆ ಚಡ್ಡಿ ಕಳಚಿಟ್ಟು ಮಧ್ಯಾಹ್ನವಿಡೀ ನೀರಲ್ಲಿ ಬಿದ್ದಿರುತ್ತಿದ್ದ ಹುಡುಗರ ಪೈಕಿ ನಾನೂ ಒಬ್ಬ. ಸೊಂಟದಲ್ಲಿ ಕರಿಯ ಉಡಿದಾರವೊಂದೇ. ದೀಪಾವಳಿಯ ನೀರು ತುಂಬುವ ಹಬ್ಬದ ಮರುಬೆಳಗು ಹಂಡೆ ಒಲೆಯ ಮುಂದೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ನಮ್ಮಜ್ಜಿ ಎಣ್ಣೆ ಹಚ್ಚುತ್ತಿದ್ದಳು. ಆರು ಮೊಮ್ಮಕ್ಕಳು, ಆರು ಉಡಿದಾರ, ಹೊಗೆ, ಸೀಗೆಯ ಉರಿ. ಆಮೇಲೆ ಯಾವಾಗ ನಾಚಿಕೆ ಬಂತು? ಒಂದು ದಿನ ಅಜ್ಜಿಯೇ, ‘ಇನ್ನು ಮೇಲೆ ನೀನೇ ಮೀಯೋ’ ಎಂದು ಚೊಂಬು ಕೈಗಿಟ್ಟು ಹೊರಗೆ ಹೋದಳು. ಆ ದಿನ ಬಚ್ಚಲು ಎಷ್ಟು ದೊಡ್ಡದಾಗಿ ಕಂಡಿತೆಂದರೆ ಬೇಗ ಬೇಗ ಎರಡು ಚೊಂಬು ಸುರಿದುಕೊಂಡು ಓಡಿಬಂದೆ.

ಅಪ್ಪಯ್ಯ ಕೊನೆಯ ನಾಲ್ಕು ತಿಂಗಳು ಹಾಸಿಗೆ ಹಿಡಿದಾಗ ನಾನೇ ಮೈ ಒರೆಸುತ್ತಿದ್ದೆ. ಹೊಳೆಯಲ್ಲಿ ನನ್ನನ್ನು ಹೊಟ್ಟೆಯ ಮೇಲೆ ಎತ್ತಿ ಹಿಡಿದು ಈಜು ಕಲಿಸಿದ ಮನುಷ್ಯ ಟವೆಲ್ಲಿನ ಅಂಚನ್ನು ಎರಡು ಬೆರಳಿನಲ್ಲಿ ಬಿಗಿಹಿಡಿದಿರುತ್ತಿದ್ದರು. ‘ಬಿಡಿ ಅಪ್ಪಯ್ಯ, ನಾನೇ ಅಲ್ವಾ’ ಎಂದರೆ ಬೆರಳು ಸಡಿಲ ಬಿಟ್ಟು ಗೋಡೆಯ ಕಡೆಗೆ ಮುಖ ತಿರುಗಿಸುತ್ತಿದ್ದರು. ಹೋದ ದಿನ ಮೈ ತೊಳೆದಾದ ಮೇಲೆ ಊರ ಹಿರಿಯರೊಬ್ಬರು, ‘ಉಡಿದಾರ ತೆಗೀರಿ’ ಎಂದರು. ಗಂಟು ಬಿಚ್ಚಲಿಲ್ಲ. ಅಪ್ಪಯ್ಯನ ಎಲೆಯಡಿಕೆ ತಟ್ಟೆಯ ಅಡಕತ್ತರಿಯಿಂದಲೇ ಕತ್ತರಿಸಿದೆ. ಹುಟ್ಟಿದ ಮಗುವಿಗೆ ಮೊದಲು ಉಡಿಸುವುದು ಅದನ್ನೇ, ಕೊನೆಗೆ ತೆಗೆಯುವುದೂ ಅದನ್ನೇ. ಆ ದಾರವನ್ನು ಎಲ್ಲಿ ಹಾಕಬೇಕೋ ತಿಳಿಯದೆ ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದೆ.

ಮೂರನೆಯ ದಿನ, ಸೂರ್ಯ ಮುಳುಗುವ ಹೊತ್ತಿಗೆ ನಾನೂ ಕಡಲಿಗೆ ಇಳಿದೆ. ಬೆಳಕು ಕಮ್ಮಿಯಾಗಲೆಂದು ಕಾದಿದ್ದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ದಡದಲ್ಲಿ ಪಂಚೆ ಮಡಿಸಿ, ಅದರ ಮೇಲೆ ಬನಿಯನ್ನು, ಬನಿಯನ್ನಿನ ಮೇಲೆ ಹಾರಿಹೋಗದಂತೆ ಒಂದು ಕಲ್ಲು. ಅಜ್ಜ ಎದೆಮಟ್ಟ ನೀರಿನಲ್ಲಿ ನಿಂತು ನನ್ನ ನಡು ನೋಡಿ, ‘ಇನ್ನೂ ಏನೋ ಉಟ್ಟಿದ್ದೀಯಲ್ಲ!’ ಎಂದು ಕೂಗಿದರು. ಹೌದು, ಉಡಿದಾರ. ನಮ್ಮ ಲೆಕ್ಕದಲ್ಲಿ ನಾನಿನ್ನೂ ಬತ್ತಲೆ ಅಲ್ಲ ಎಂದೆ.

ಅದು ನನ್ನಾಕೆ ಕಟ್ಟಿದ್ದು. ವರ್ಷಕ್ಕೊಮ್ಮೆ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಬಳೆ ಅಂಗಡಿಯಿಂದ ಉಡಿದಾರ ತರುತ್ತಿದ್ದಳು. ಹಳೆಯದನ್ನು ಬಿಚ್ಚಿ ಹೊಸದನ್ನು ಅಳತೆ ಮಾಡಿ, ‘ಪ್ರತಿ ವರ್ಷ ಒಂದು ಬೆರಳು ಹೆಚ್ಚಾಗ್ತದೆ, ನಿಮ್ಮ ಖಜಾನೆ ಇದೊಂದೇ ನೋಡಿ ತುಂಬಿದ್ದು’ ಎಂದು ನಗುತ್ತ ಮೂರು ಗಂಟು ಹಾಕುತ್ತಿದ್ದಳು. ಕೊನೆಯದನ್ನು ಕಟ್ಟಿದ ಆರನೆಯ ತಿಂಗಳಿಗೆ ಹೋದಳು. ಆಮೇಲಿನ ಜಾತ್ರೆಗಳಿಗೆ ನಾನು ಹೋಗಲಿಲ್ಲ. ಕಪ್ಪು ಮಾಸಿ ಕಂದಾಗಿತ್ತು, ಸೊಂಟಕ್ಕೆ ಸಡಿಲವೂ ಆಗಿತ್ತು. ಖಜಾನೆ ಇಳಿದಿತ್ತು.

ನೀರು ತಣ್ಣಗಿತ್ತು. ಮೈಯ ಎಲ್ಲ ಕಡೆ ಒಂದೇ ಸಲಕ್ಕೆ ತಾಗಿತು. ಬಟ್ಟೆಯಿಲ್ಲದೆ ನೀರಿಗಿಳಿದು 55 ವರ್ಷವಾದರೂ ಆಗಿತ್ತು. ಆ ತಂಪು ಮಾತ್ರ ಹಳೆಯದೇ. ನಾಲ್ಕು ಬಾರಿ ಕೈ ಬೀಸಿ, ಮಗುಚಿ, ಬೆನ್ನ ಮೇಲೆ ತೇಲಿದೆ. ಆಗ ತೊಡೆಯ ಮೇಲೆ ಏನೋ ಹರಿದಂತಾಯಿತು. ಕೈಯಿಟ್ಟರೆ ನಡುವಿನಲ್ಲಿ ದಾರವಿಲ್ಲ. ಉಪ್ಪುನೀರಿಗೆ ನೆನೆದು ಗಂಟು ಬಿಟ್ಟಿತ್ತು. ಮುಳುಗಿ, ತಡಕಿ, ಉಪ್ಪುನೀರು ಕುಡಿದು, ಮೊಣಕಾಲಿನ ಹತ್ತಿರ ಕೈಗೆ ಸಿಕ್ಕಾಗ ಅದನ್ನು ಮುಷ್ಟಿಯಲ್ಲಿ ಹಿಡಿದು ದಡಕ್ಕೆ ಬಂದೆ, ಬ್ರೆಡ್ಡಿನ ಸಾಲಿನ ಮುದುಕ ನಾಣ್ಯ ಹಿಡಿದಂತೆ.

ಬಂಡೆಯ ಮೇಲೆ ನಿಂತು ಕಟ್ಟಿಕೊಳ್ಳಲು ನೋಡಿದೆ. ಚಳಿಗೆ ಬೆರಳು ನಡುಗುತ್ತಿತ್ತು, ಹೊಟ್ಟೆ ಅಡ್ಡ ಬರುತ್ತಿತ್ತು, ಸಂಜೆಗತ್ತಲಿಗೆ ಕಣ್ಣೂ ಕಾಣುತ್ತಿರಲಿಲ್ಲ. ಉಂಗುರ ಕಳೆದುಕೊಂಡೆನೆಂದು ತಿಳಿದು ಅಜ್ಜ ಓಡಿಬಂದರು. ಮುಷ್ಟಿ ಬಿಚ್ಚಿ ತೋರಿಸಿದೆ. ಒಂದು ಒದ್ದೆ ದಾರ. ಯಾರು ಕಟ್ಟಿದ್ದೆಂದು ಹೇಳಿದೆ. ಅವರು ಟವೆಲ್ಲಿನ ಮೇಲಿಟ್ಟಿದ್ದ ಕನ್ನಡಕ ತಂದು ಮೂಗಿಗೇರಿಸಿದರು. ಟವೆಲ್ಲನ್ನು ಮಡಿಸಿ ಕಲ್ಲಿನ ಮೇಲೆ ಹಾಸಿ, ಮಂಡಿಯೂರಿ ಕೂತರು. ಮೈಮೇಲೆ ನೂಲಿಲ್ಲದ 78 ವರ್ಷದ ಮನುಷ್ಯ ದಾರದ ಎರಡು ತುದಿ ಹಿಡಿದು, ತುಟಿ ಕಚ್ಚಿಕೊಂಡು, ಹಡಗು ಕಟ್ಟಿದ ಕೈಯಲ್ಲಿ ನನ್ನ ಉಡಿದಾರ ಕಟ್ಟಿದರು. ‘ಬಿಗಿಯಾಯಿತಾ?’ ಎಂದರು. ಸಾಕು ಎಂದೆ. ಅಜ್ಜಿ ದೂರದಿಂದ ನೋಡಿದವರು ಏನೂ ಕೇಳದೆ ಫ್ಲಾಸ್ಕಿನಿಂದ ಮೂರು ಲೋಟಕ್ಕೆ ಕಾಫಿ ಬಗ್ಗಿಸಿದರು. ಸಕ್ಕರೆ ಇರಲಿಲ್ಲ, ಕುಡಿದೆ.

ಈ ಸಲದ ಎಳ್ಳಮಾವಾಸ್ಯೆಗೆ ಜಾತ್ರೆಗೆ ಹೋಗಿ ಹೊಸ ಉಡಿದಾರ ತಂದೆ. ಬಚ್ಚಲಿನಲ್ಲಿ ದೀಪ ಹಾಕಿಕೊಂಡು ಹಳೆಯದನ್ನು ಬಿಚ್ಚಲು ಅರ್ಧ ಗಂಟೆ ಹೆಣಗಿದೆ. ರೋಸ್ಟಾಕಿನ ಗಂಟು, ಬಿಚ್ಚಲಿಲ್ಲ. ಕತ್ತರಿಯನ್ನು ಕೈಗೆ ತೆಗೆದುಕೊಂಡವನು ಮತ್ತೆ ಗೂಡಿನಲ್ಲೇ ಇಟ್ಟೆ. ಹೊಸದು ಕಾಗದದ ಪೊಟ್ಟಣದಲ್ಲಿ ಹಾಗೇ ಇದೆ, ದೇವರ ಮಂಟಪದ ಪಕ್ಕ, ಅವಳ ಅರಿಸಿನ ಕುಂಕುಮದ ಬಟ್ಟಲಿನಲ್ಲಿ.